ಹೆಣ್ಣುಮಗಳ ರೊಟ್ಟಿ

ಎಳ್ಳಮವಾಸ್ಯೆಗೆ ತವರಿಗೆ ಹೋಗುತ್ತೇನೆ ಎಂದು ಜಯಕ್ಕ ಹೇಳಿದಾಗ ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ಹಾಗೆ ನೋಡಿದರೆ ಇಷ್ಟು ವರ್ಷವೂ ಯಾರೂ ಬೇಡವೆಂದಿರಲಿಲ್ಲ. ಒಂದು ವರ್ಷ ಅವಳು ಬಸುರಿ, ಇನ್ನೊಂದು ವರ್ಷ ಬಾಣಂತಿ. ಮಾವ ಹಾಸಿಗೆ ಹಿಡಿದದ್ದೂ ಮಾಗಿಯ ಚಳಿಯಲ್ಲೇ, ಕಣ್ಣು ಮುಚ್ಚಿದ್ದೂ ಮಾಗಿಯ ಚಳಿಯಲ್ಲೇ. ನೆಗೆಣ್ಣಿ ಹೂವಮ್ಮನಿಗೆ ಹೆರಿಗೆನೋವು ಬರಬೇಕೆಂದರೂ ಹಬ್ಬದ ಹಿಂದಿನ ದಿನವೇ ಆಗಬೇಕು. ಹೀಗೆ ಯಾರ ಬಾಯಿಂದಲೂ ಒಂದು ಕೆಟ್ಟ ಮಾತು ಬರದೆಯೇ, ಮದುವೆಯಾಗಿ ಮಗನಿಗೆ ಮದುವೆ ಮಾಡುವವರೆಗೂ ಅವಳು ತವರಿನ ಎಳ್ಳಮವಾಸ್ಯೆ ಕಂಡಿರಲಿಲ್ಲ. ಬೇರೆ ದಿನಗಳಲ್ಲಿ ಹೋಗಿದ್ದಳು, ಅಪ್ಪ ತೀರಿಕೊಂಡಾಗ ಮತ್ತು ತಮ್ಮನ ಮದುವೆಗೆ. ಎರಡು ಸಲವೂ ಕೈ ತುಂಬ ಕೆಲಸ.

ಆದೋನಿಗೂ ಉರುಕುಂದಕ್ಕೂ ನಡುವಿನ ಆ ಹಳ್ಳಿಯಲ್ಲಿ ಅವಳ ಗಂಡ ಭೀಮಲಿಂಗಪ್ಪನದು ದೊಡ್ಡ ಮನೆ ಎಂದೇ ಹೆಸರು. ದೊಡ್ಡದು ಅಂದರೆ ಉಣ್ಣುವ ಬಾಯಿ ಜಾಸ್ತಿ ಎಂದು ಅರ್ಥ, ಬೇರೇನಲ್ಲ. ಅಣ್ಣತಮ್ಮಂದಿರು, ಅವರ ಮಕ್ಕಳು, ಸಂಬಳದಾಳುಗಳು, ಕುರಿ ಕಾಯುವವನು, ಎಲ್ಲರಿಗೂ ಒಂದೇ ಒಲೆ. ಆ ಒಲೆಯ ಮುಂದೆ ಹಿರಿಯ ಸೊಸೆ ಜಯಕ್ಕ. ಗಂಡಸರು ಉಂಡ ಮೇಲೆ ಮಕ್ಕಳು, ಮಕ್ಕಳಾದ ಮೇಲೆ ಆಳುಗಳು, ಕಟ್ಟಕಡೆಗೆ ಹೆಂಗಸರು. ಅಷ್ಟು ಹೊತ್ತಿಗೆ ರೊಟ್ಟಿ ಕೆರದ ಅಟ್ಟೆಯ ಹಾಗೆ ಆಗಿರುತ್ತಿತ್ತು. ಹಗಲೆಲ್ಲ ಬಿಸಿ ರೊಟ್ಟಿ ಬಡಿಯುವ ಹೆಂಗಸಿಗೆ ಬಿಸಿ ರೊಟ್ಟಿಯ ರುಚಿಯೇ ಮರೆತುಹೋಗಿತ್ತೆಂದರೆ ನಗಬೇಡಿ. ಆ ಸೀಮೆಯಲ್ಲಿ ಯಾರ ಮನೆಯ ಕದ ತಟ್ಟಿ ಕೇಳಿದರೂ ಇದೇ ಕಥೆ.

ಜಯಕ್ಕನ ತವರಿನಲ್ಲಿ ಒಂದು ಪದ್ಧತಿ ಇತ್ತು. ಎಳ್ಳಮವಾಸ್ಯೆಯ ಬೆಳಗ್ಗೆ ಹಂಚಿನಿಂದ ಇಳಿದ ಮೊದಲ ಸಜ್ಜೆರೊಟ್ಟಿಗೆ ಬೆಣ್ಣೆ ಸವರಿ, ಕೊಟ್ಟ ಹೆಣ್ಣುಮಗಳ ಹೆಸರಿನಲ್ಲಿ ಗೋಡೆಯ ಗೂಡಿನಲ್ಲಿ ಬಟ್ಟೆ ಮುಚ್ಚಿ ಇಡುವುದು. ಅವಳು ಬಂದರೆ ಕೂರಿಸಿ ಬಡಿಸುವುದು. ದೀಪ ಹಚ್ಚುವ ಹೊತ್ತಾದರೂ ಬರದಿದ್ದರೆ ಆಕಳಿಗೆ ಹಾಕುವುದು. ಚಿಕ್ಕಂದಿನಲ್ಲಿ ಸೋದರತ್ತೆಯ ಹೆಸರಿನ ರೊಟ್ಟಿಯ ಅಂಚು ಮುರಿದು ತಿಂದು ಜಯಕ್ಕ ಅವ್ವನಿಂದ ಸರಿಯಾಗಿ ಹೊಡೆತ ತಿಂದಿದ್ದಳು. ಈಗ ಅವಳ ಹೆಸರಿನಲ್ಲೂ ವರ್ಷವರ್ಷ ಒಂದು ರೊಟ್ಟಿ ಗೂಡಿಗೆ ಹೋಗುತ್ತಿತ್ತು, ಸಂಜೆಗೆ ಆಕಳ ಬಾಯಿಗೆ ಬೀಳುತ್ತಿತ್ತು. ಆ ಆಕಳ ಮೇಲೆ ಅವಳಿಗೆ ಹೊಟ್ಟೆಕಿಚ್ಚೇ ಇತ್ತು. ಈ ಸಲ ಆ ರೊಟ್ಟಿಯನ್ನು ಅವ್ವನ ಮಗ್ಗುಲಲ್ಲಿ ಕೂತು, ಬಿಸಿಬಿಸಿಯಾಗಿ, ನಡುವೆ ಯಾರೂ ಎಬ್ಬಿಸದ ಹಾಗೆ ತಾನೇ ತಿನ್ನಬೇಕು. ಅವಳ ಆಸೆ ಇಷ್ಟೇ. ಆಮೇಲೆ ಸಂಕ್ರಾಂತಿಯವರೆಗೂ ಅಲ್ಲೇ ಬಿದ್ದುಕೊಂಡು ಮೈನೋವು ಕಳೆಯಬೇಕು.

ಈ ವರ್ಷ ಇದು ಸಾಧ್ಯವಾದದ್ದು ಹೊಸ ಸೊಸೆ ಲಿಂಗಕ್ಕನ ದೆಸೆಯಿಂದ. ಮಗ ಆಂಜಿನಪ್ಪನನ್ನು ಕೈಹಿಡಿದು ಬೇಸಿಗೆಯಲ್ಲಿ ಮನೆ ತುಂಬಿದ ಹುಡುಗಿ, ಕೈಚುರುಕು, ಬಾಯಿ ಕಡಿಮೆ. ಮದುವೆಯಾದ ಮೊದಲ ವರ್ಷದ ಹಬ್ಬಗಳಿಗೆ ಹುಡುಗಿ ತವರಿಗೆ ಹೋಗುವುದು ರೂಢಿ. ಅವಳಪ್ಪ ಬಂಡಿ ಕಟ್ಟಿಕೊಂಡು ಕರೆಯಲೂ ಬಂದಿದ್ದ. ಜಯಕ್ಕ ಬೀಗರಿಗೆ ನೀರು ಕೊಟ್ಟು, ಊಟ ಹಾಕಿ, ಬಾಯಿ ತುಂಬ ಮಾತಾಡಿ, ಕೊನೆಗೆ ಮೆಲ್ಲಗೆ ಅಂದಿದ್ದಳು.

"ಮುಂದಿನ ವರ್ಸ ಬಂದೇ ಬರತಾಳ್ರಿ. ಈ ಸಲ ನಾ ಹೊಂಟೀನಿ. ಇಬ್ಬರೂ ಹೋದರ ಇಷ್ಟು ಮಂದೀಗೆ ಹೂವಮ್ಮ ಒಬ್ಬಾಕಿ ಹೆಂಗ ಬೇಸ್ಯಾಳು?"

ಬೀಗರು "ಆತು ಬಿಡ್ರಿ, ಸರೇ" ಎಂದರು. ಬಂಡಿ ಖಾಲಿಯಾಗಿ ತಿರುಗಿತು. ಲಿಂಗಕ್ಕ ಬಾಗಿಲ ಹಿಂದೆ ನಿಂತು ಬಂಡಿ ಊರ ಅಗಸೆಬಾಗಿಲು ದಾಟುವವರೆಗೂ ನೋಡಿ, ಒಳಗೆ ಬಂದು ಜೋಳ ಕೇರತೊಡಗಿದಳು. ಜಯಕ್ಕ ಅದನ್ನು ನೋಡಿದ್ದಳು. ನೋಡಿಯೂ ನೋಡದವಳ ಹಾಗೆ ಇದ್ದಳು. ತನ್ನ ಸರದಿ ಬಂದಿದೆ, ಇಷ್ಟು ವರ್ಷ ಸವೆದಿದ್ದೇನೆ, ಅವಳಿಗಿನ್ನೂ ವಯಸ್ಸಿದೆ ಎಂದು ಮನಸ್ಸಿಗೆ ತಾನೇ ಹೇಳಿಕೊಂಡಳು.

ತಮ್ಮ ನರಸಪ್ಪ ಬಂಡಿ ತಂದ. ಕೋಳಿ ಕೂಗುವ ಹೊತ್ತಿಗೆ ಹೊರಟರು. ಮಂಜು ನೆಲಕ್ಕೆ ಕೂತಿತ್ತು, ಎರೆ ಹೊಲದ ಬಿಳಿಜೋಳ ಕತ್ತಲಲ್ಲೇ ವಾಸನೆ ಬೀರುತ್ತಿತ್ತು. ಜಯಕ್ಕ ಕಂಬಳಿ ಹೊದ್ದು ಮೇವಿನ ಮೇಲೆ ಕೂತಳು. ಕೂತದ್ದೇ ತಡ, ಹಿಮ್ಮಡಿಯ ಒಡಕು, ಸೊಂಟ, ತೋಳು ಎಲ್ಲ ತಮ್ಮ ತಮ್ಮ ನೋವು ಹೇಳಿಕೊಳ್ಳತೊಡಗಿದವು. ನಿಂತಿದ್ದಾಗ ಇವು ಎಲ್ಲಿ ಅಡಗಿದ್ದವೋ ಅವಳಿಗೆ ತಿಳಿಯದು.

ಆದೋನಿಯಲ್ಲಿ ಬಟ್ಟೆ ಅಂಗಡಿಯ ಮುಂದೆ ಹೊತ್ತು ಮೂಡುವುದರೊಳಗೇ ಮಂದಿ ಸಾಲುಗಟ್ಟಿತ್ತು. ಯುದ್ಧದ ಕಾಲ, ಸೀರೆಗೂ ಕಂಟ್ರೋಲು, ಸೀಮೆಎಣ್ಣೆಗೂ ಕಂಟ್ರೋಲು. ಹತ್ತಿ ಹೇರಿಕೊಂಡು ಎದುರು ಬಂದ ಬಂಡಿಯವನೊಬ್ಬ ತೆಲುಗಿನಲ್ಲಿ ಎಲ್ಲಿಗೆ ಸವಾರಿ ಎಂದು ಕೇಳಿದ. "ಅಕ್ಕನಿ ಪಂಡಗಕಿ ಪಿಲ್ಚಕಪೋತಾಂಡಾ!" ಎಂದು ನರಸಪ್ಪ ಎದೆಯುಬ್ಬಿಸಿ ಕೂಗಿದ. ಅಕ್ಕನನ್ನು ಹಬ್ಬಕ್ಕೆ ಕರೆದೊಯ್ಯುವ ತಮ್ಮ ಎನ್ನಿಸಿಕೊಳ್ಳುವುದು ಅವನಿಗೂ ಹೊಸತು.

ಊರು ದಾಟಿದ ಮೇಲೆ ಅವನು ಯಾಕೋ ಮಾತು ಕಡಿಮೆ ಮಾಡಿದ. ಎತ್ತಿನ ಬಗ್ಗೆ ಮಾತಾಡಿದ, ಜೋಳಕ್ಕೆ ಕುಳಿತ ಹಕ್ಕಿಯ ಬಗ್ಗೆ ಮಾತಾಡಿದ, ಹೆಂಡತಿ ಉಚ್ಚಮ್ಮನ ಹೆಸರು ಬಂದಾಗಲೆಲ್ಲ ಕೆಮ್ಮಿದ.

"ಅವ್ವ ಹೆಂಗದಾಳೋ?" ಎಂದು ಜಯಕ್ಕ ಕೇಳಿದಳು.

"ಅದಾಳಕ್ಕ. ಕಣ್ಣು ಪೂರಾ ಹೋತು. ನೆನಪೂ ಹಂಗ ಹಂಗ. ಹಿಂದಿಂದೆಲ್ಲ ಹೇಳತಾಳ. ನಿನ್ನೀದು ಕೇಳಿದರ ಇಲ್ಲ."

ಹಾಲಹರವಿಯ ಕಡೆಯ ಆ ಊರು ಮುಟ್ಟಿದಾಗ ಹೊತ್ತು ಇಳಿದಿತ್ತು. ತವರಿನ ಬಾಗಿಲಲ್ಲಿ ಇನ್ನೊಂದು ಬಂಡಿ ಎತ್ತುಗಳಿಗೆ ಕೊಳ್ಳುಕಟ್ಟಿ ಹೊರಡಲು ನಿಂತಿತ್ತು. ಅದರ ಪಕ್ಕ ಉಚ್ಚಮ್ಮ. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು, ಕೆನ್ನೆಗೆ ಅರಿಶಿಣ, ಕಂಕುಳಲ್ಲಿ ಗಂಟು, ಸೆರಗು ಹಿಡಿದುಕೊಂಡ ಇಬ್ಬರು ಮಕ್ಕಳು.

"ಯಕ್ಕಾ, ಬಂದ್ಯಾ! ನೀ ಬರೂತನ ಜೀವ ಕೈಯಾಗ ಹಿಡಕಂಡು ಕುಂತಿದ್ದೆ ನೋಡು."

"ಎಲ್ಲಿಗೆ ಹೊಂಟೀಯವ್ವ?"

"ನಮ್ಮವ್ವನ ಊರಿಗೆ. ನಮ್ಮ ತಮ್ಮ ಮದ್ಯಾನ್ನದಿಂದ ಕಾಯಾಕ ಹತ್ತ್ಯಾನ. ಈ ಮನಿಗೆ ಬಂದಾಗಿಂದ ಒಂದು ಎಳ್ಳಮಾಸಿಗೂ ನಾ ಹೋಗಿಲ್ಲಕ್ಕ. ಹೊಲಕ್ಕ ಒಯ್ಯೂ ಚರಗದ ಬುಟ್ಟಿ ಮನಿ ಹೆಂಗಸೇ ತುಂಬಬೇಕಲ್ಲ, ಅತ್ತೆವ್ವಗ ನೋಡಿದರ ಕಣ್ಣಿಲ್ಲ. ನೀ ಈ ಮನಿ ಮಗಳು, ನೀ ತುಂಬಿದರೂ ನಡೀತೈತಿ ಅಂದ್ರು ಇವರು. ನಿನಗ ಹೇಳ್ಯಾರಲ್ಲ?"

ಜಯಕ್ಕ ತಮ್ಮನ ಕಡೆ ತಿರುಗಿದಳು. ನರಸಪ್ಪ ಕುಕ್ಕರುಗಾಲಲ್ಲಿ ಕೂತು ಎತ್ತಿನ ಗೊರಸನ್ನು ಬಹಳ ಆಸಕ್ತಿಯಿಂದ ಪರೀಕ್ಷೆ ಮಾಡುತ್ತಿದ್ದ.

ಬ್ಯಾಡ ಎಂಬ ಮಾತು ಜಯಕ್ಕನ ತುದಿನಾಲಗೆಗೆ ಬಂದಿತ್ತು. ದಣಿದು ಬಂದಿದ್ದೇನೆ, ನಾಳೆ ಒಂದು ದಿನ ನೀನೇ ಬಡಿಸು ಎಂದರೆ ಉಚ್ಚಮ್ಮ ಗಂಟು ಇಳಿಸುತ್ತಿದ್ದಳು. ಗಂಡನ ಅಕ್ಕನ ಮಾತು ಮೀರುವವಳಲ್ಲ. ಆದರೆ ಆ ಎಣ್ಣೆ ಹಚ್ಚಿದ ತಲೆ, ಆ ಅರಿಶಿಣದ ಕೆನ್ನೆ ನೋಡಿ ಜಯಕ್ಕನಿಗೆ ನಾಲಗೆ ಏಳಲಿಲ್ಲ. ಇದು ಅವಳ ದೊಡ್ಡಗುಣ ಎಂದು ನಾನು ಹೇಳುವುದಿಲ್ಲ. ವಾದ ಮಾಡುವಷ್ಟೂ ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

"ಹೋಗಿ ಬಾರವ್ವ," ಎಂದಳು. ಉಚ್ಚಮ್ಮ ಕಾಲಿಗೆರಗಿ, ಹಿಟ್ಟು ಎಲ್ಲಿದೆ, ಎಳ್ಳು ಎಲ್ಲಿದೆ, ಯಾವ ಹಂಚು ಸೀಳಿದೆ ಎಂದು ಒಂದೇ ಉಸಿರಿಗೆ ಹೇಳಿ ಬಂಡಿ ಹತ್ತಿದಳು. ಎತ್ತು ಹೊರಳುವ ಮುಂಚೆಯೇ ಅವಳು ನಗುತ್ತಿದ್ದಳು.

ಒಳಗೆ ಅವ್ವ ಊರಮ್ಮ ಗೋಡೆಗೆ ಒರಗಿ ಕಂಬಳಿಯಲ್ಲಿ ಮುದುಡಿಕೊಂಡಿದ್ದಳು. ಜಯಕ್ಕ ಹತ್ತಿರ ಕೂತು ಅವಳ ಕೈ ಹಿಡಿದಳು. ಮುದುಕಿಯ ಬೆರಳು ಮಗಳ ಮುಖದ ಮೇಲೆ ಹರಿದಾಡಿ, ಬಲಗಿವಿಯ ಹರಿದ ತುದಿಯಲ್ಲಿ ನಿಂತಿತು. ಎಳೆಯ ವಯಸ್ಸಿನಲ್ಲಿ ಎತ್ತಿಕೊಂಡಿದ್ದ ಕುರಿಮರಿ ಓಲೆ ಕಚ್ಚಿ ಎಳೆದು ಹರಿದ ಕಿವಿ ಅದು.

"ಜಯ! ನಮ್ಮ ಜಯ ಬಂದಾಳ!" ಎಂದು ಮುದುಕಿ ಅತ್ತುಬಿಟ್ಟಳು. ಜಯಕ್ಕನೂ ಅತ್ತಳು. ಅವತ್ತು ಸಂಜೆ ಅಷ್ಟು ಮಟ್ಟಿಗೆ ಚೆನ್ನಾಗಿತ್ತು.

ಬೆಳಗಿನ ಜಾವ ಎದ್ದು ಹತ್ತಿಕಟ್ಟಿಗೆ ಒಟ್ಟಿ ಒಲೆ ಹಚ್ಚಿದಳು. ಎಸರು ಕುದಿಸಿ ಸಜ್ಜೆ ಹಿಟ್ಟು ನಾದಿದಳು. ಒಲೆ ಬೇರೆ, ಹಂಚು ಬೇರೆ, ಕೈ ಅದೇ ಕೈ. ತವರಿನ ಅಡಿಗೆಮನೆಯಲ್ಲಿ ಕೂತಿದ್ದೇನೆ ಎಂಬುದು ಕೈಗೆ ಗೊತ್ತೇ ಆಗಲಿಲ್ಲ. ಹೊಲದಲ್ಲಿ ಹಕ್ಕಿ ಕಾಯುವ ಆಳು ಪೆದ್ದಣ್ಣ ಕವಣೆಯನ್ನು ಹೆಗಲಿಗೆ ಹಾಕಿಕೊಂಡು, ಕಂಬಳಿಯ ಕೊಪ್ಪೆಯಲ್ಲಿ ನಡುಗುತ್ತಾ ಬಂದು ಒಲೆಯ ಹತ್ತಿರ ಕುಕ್ಕರಿಸಿದ. ಹಂಚಿನ ಮೇಲೆ ಮೊದಲ ರೊಟ್ಟಿ ಉಬ್ಬಿತು. ಎಳ್ಳು ಚಟಪಟ ಸಿಡಿದು ಘಮ್ಮೆಂದಿತು. ಜಯಕ್ಕ ಅದನ್ನು ಎತ್ತಿ, ಬೆಣ್ಣೆ ಸವರಿ, ಮುಂದೆ ಕೂತ ಗಂಡಸಿನ ಕೈಗೆ ಹಾಕಿಬಿಟ್ಟಳು.

ಅವನು ಅರ್ಧ ತಿಂದ ಮೇಲೆ ಗೋಡೆಯ ಕಡೆಯಿಂದ ಅವ್ವನ ದನಿ ಬಂತು.

"ಉಚ್ಚಮ್ಮ, ಜಯನ ರೊಟ್ಟಿ ತೆಗೆದಿಟ್ಟ್ಯೇನು?"

ಜಯಕ್ಕನ ಕೈ ಹಿಟ್ಟಿನ ಮೇಲೆ ಹಾಗೇ ನಿಂತಿತು. ಯಾವ ರೊಟ್ಟಿಗಾಗಿ ಊರು ದಾಟಿ ಬಂದಿದ್ದಳೋ ಆ ರೊಟ್ಟಿಯನ್ನು ತಾನೇ ಬೇಯಿಸಿ, ತಾನೇ ಬೆಣ್ಣೆ ಹಚ್ಚಿ, ಕೈಯಾರೆ ಕೊಟ್ಟುಬಿಟ್ಟಿದ್ದಳು. ಪೆದ್ದಣ್ಣನದೇನೂ ತಪ್ಪಿಲ್ಲ, ಹಸಿದವನಿಗೆ ರೊಟ್ಟಿ ಸಿಕ್ಕಿತು, ತಿಂದ. ಇಷ್ಟು ವರ್ಷದಲ್ಲಿ ಈ ಕೈ ಮೊದಲ ರೊಟ್ಟಿಯನ್ನು ತನ್ನ ಒಡತಿಗೆಂದು ಒಮ್ಮೆಯೂ ತೆಗೆದಿಟ್ಟಿರಲಿಲ್ಲ, ಇವತ್ತು ಎಲ್ಲಿಂದ ನೆನಪಾಗಬೇಕು.

"ನಾನವ್ವ, ಜಯ. ರಾತ್ರಿ ಇಲ್ಲೇ ಮಲಗಿದ್ದೆನಲ್ಲ."

"ಜಯ ಬಂದಾಳಾ? ಬಂಡಿ ಸದ್ದು ಕೇಳಲಿಲ್ಲಲ್ಲ."

ಹತ್ತಿರ ಹೋಗಿ ಕಿವಿ ಮುಟ್ಟಿಸೋಣವೆಂದರೆ ಹಂಚು ಕಾದಿತ್ತು, ಬಾಗಿಲಲ್ಲಿ ಹಬ್ಬದ ರೊಟ್ಟಿ ಒಯ್ಯಲು ಮಂದಿ ನಿಂತಿತ್ತು. ಇನ್ನೊಂದು ಸಲ ಕೂಗಿ ಹೇಳಿದಳು. ಮುದುಕಿ ಮತ್ತೆ ಶುರು ಮಾಡಿದಳು.

"ಉಚ್ಚಮ್ಮ, ಬೆಣ್ಣಿ ಜಾಸ್ತಿ ಹಚ್ಚು. ಆಕಿಗೆ ಬೆಣ್ಣಿ ಅಂದರ ಜೀವ. ಅಲ್ಲಿ ಆಕಿಗೆ ಯಾರು ಹಚ್ಚಿ ಕೊಡತಾರ?"

 ಜಯಕ್ಕ ಎರಡನೆಯ ರೊಟ್ಟಿಗೆ ಬೆಣ್ಣೆ ದಂಡಿಯಾಗಿ ಸವರಿ ಗೂಡಿನಲ್ಲಿಟ್ಟು ಬಟ್ಟೆ ಮುಚ್ಚಿದಳು. ತನಗೆ ತಾನೇ ರೊಟ್ಟಿ ಮುಚ್ಚಿಡುವಾಗ ನಗು ಬಂತೋ ಅಳು ಬಂತೋ, ಎರಡಕ್ಕೂ ಅವಳಿಗೆ ಪುರುಸೊತ್ತಿರಲಿಲ್ಲ.

"ಇಟ್ಟೀನತ್ತಿ," ಎಂದಳು. ಉಚ್ಚಮ್ಮನಾಗಿ ಹಾಗಂದುಬಿಡುವುದೇ ಸುಲಭವಾಗಿತ್ತು. ಮುದುಕಿಗೂ ಸಮಾಧಾನವಾಯಿತು.

ಆಮೇಲೆ ಕಡುಬು, ಪುಂಡಿಪಲ್ಯ, ಬದನೆಕಾಯಿ, ಕಾಳುಪಲ್ಯ, ಜೋಳದ ಬಾನ. ಬಿಸಿಲು ಏರುವ ಹೊತ್ತಿಗೆ ಬುಟ್ಟಿ ತುಂಬಿ, ತಲೆಯ ಮೇಲೆ ಹೊತ್ತು ಹೊಲಕ್ಕೆ ನಡೆದಳು. ಅವ್ವನನ್ನು ನೋಡಿಕೊಳ್ಳಲು ಪಕ್ಕದ ಮನೆಯ ಕೊಂಡಮ್ಮ ಬಂದು ಕೂತಳು. ಹೊಲದಲ್ಲಿ ಬನ್ನಿಯ ಬುಡಕ್ಕೆ ಸುಣ್ಣ ಹಚ್ಚಿದ ಐದು ಕಲ್ಲು, ಅವೇ ಪಾಂಡವರು. ಪೂಜೆಯಾಯಿತು. ನರಸಪ್ಪ ಮುಂದೆ ಮುಂದೆ ಕೂಗುತ್ತಾ ಜೋಳದ ಸಾಲಿನಲ್ಲಿ ಹಬ್ಬದ ಅಡಿಗೆಯ ಚರಗ ಚೆಲ್ಲಿದ, ಪೆದ್ದಣ್ಣ ಹಿಂದಿನಿಂದ ನೀರು ಚಿಮುಕಿಸುತ್ತಾ ಓಗೊಟ್ಟ. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸುವ ಹಬ್ಬ ಇದು ಎಂದು ಹಿರಿಯರು ಹೇಳುತ್ತಾರೆ. ನೆಲಕ್ಕೆ ಬಿದ್ದ ಕಡುಬಿನ ಚೂರನ್ನು ನೋಡುತ್ತಾ ನಿಂತ ಜಯಕ್ಕನಿಗೆ, ಭೂಮಿಗಾದರೂ ವರ್ಷಕ್ಕೊಮ್ಮೆ ಯಾರೋ ಬಡಿಸುತ್ತಾರಲ್ಲ ಎನಿಸಿತು. ನೆಂಟರು, ನೆರೆಹೊರೆಯವರು ಜೋಳದ ನೆರಳಿಗೆ ಸಾಲಾಗಿ ಕೂತು ಹೊಗಳಿ ಹೊಗಳಿ ಉಂಡರು. "ಜಯಕ್ಕನ ಕೈ ಏನು ರುಚಿ!" ಎಂದರು. ಅವಳು ಬಡಿಸಿದಳು. ಕಡೆಗೆ ತಾನೂ ನಾಲ್ಕು ತುತ್ತು ನಿಂತೇ ಉಂಡಳು.

ಖಾಲಿ ಬುಟ್ಟಿ ಹೊತ್ತು ಮನೆಗೆ ಬಂದಾಗ ಬಿಸಿಲು ಗೋಡೆಯ ಮೇಲಂಚಿಗೆ ಹೋಗಿತ್ತು, ಚಳಿ ಮತ್ತೆ ಇಳಿಯುತ್ತಿತ್ತು. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಕೊಂಡಮ್ಮ ಎದ್ದು ಹೋದಳು. ಅವ್ವ ಗೋಡೆಯ ಹತ್ತಿರ ಇರಲಿಲ್ಲ. ಒಲೆಯ ಮುಂದೆ ಇದ್ದಳು. ಕಣ್ಣಿಲ್ಲದ ಮುದುಕಿ ಗೋಡೆ ಹಿಡಿದು, ತಡವರಿಸಿ, ಗೂಡಿನ ರೊಟ್ಟಿ ತೆಗೆದು ಕೆಂಡದ ಮೇಲೆ ಇಟ್ಟುಕೊಂಡು, ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

"ಉಚ್ಚಮ್ಮ, ಬಂದ್ಯಾ? ಆಕಳಿಗೆ ಈಗಲೇ ಹಾಕಬ್ಯಾಡವ್ವ. ದೀಪ ಹಚ್ಚೂತನ ನೋಡೂನು. ತಣ್ಣಗಾಗಿತ್ತು, ಬೆಚ್ಚಗ ಮಾಡೀನಿ. ಚಳ್ಯಾಗ ಬರತಾಳಲ್ಲ."

ಜಯಕ್ಕ ಬುಟ್ಟಿಯನ್ನು ಅಲ್ಲೇ ಇಟ್ಟು ಅವ್ವನ ಮಗ್ಗುಲಲ್ಲಿ ಕೂತಳು. ಮಾತಾಡದೆ ಆ ಕೈಯನ್ನು ಎತ್ತಿ ತನ್ನ ಬಲಗಿವಿಗೆ ಮುಟ್ಟಿಸಿದಳು. ಬೆರಳು ಹರಿದ ತುದಿಯನ್ನು ಹುಡುಕಿತು. ಸಿಕ್ಕಿತು.

"ಯವ್ವಾ ಜಯ! ಈಗ ಬಂದ್ಯೇನು?"

"ಈಗ ಬಂದೆನವ್ವ."

"ಉಣ್ಣು ಮಗಳ, ಉಣ್ಣು. ಆರಿ ಹೋಗತೈತಿ."

ರೊಟ್ಟಿ ಒಂದು ಕಡೆ ಸೀದಿತ್ತು, ಒಂದಿಷ್ಟು ಬೂದಿಯೂ ಹತ್ತಿತ್ತು. ಬೆಣ್ಣೆ ಕರಗಿ ಬೆರಳನ್ನು ಸುಟ್ಟಿತು. ಬಿಸಿಯಾಗಿತ್ತು. ಜಯಕ್ಕ ಮುರಿದು ಬಾಯಿಗಿಟ್ಟುಕೊಂಡಳು, ಕಣ್ಣಲ್ಲಿ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳದೆ ತಿಂದಳು. ಯಾರೂ ಎಬ್ಬಿಸಲಿಲ್ಲ. ಮದುವೆಯಾದ ಮೇಲೆ ಅಷ್ಟು ಸುಖವಾಗಿ ಅವಳು ಎಂದೂ ಉಂಡಿರಲಿಲ್ಲ.

ಅವ್ವ ಅವಳ ಬೆನ್ನು ಸವರುತ್ತಾ ಕೇಳಿದಳು.

"ಅಲ್ಲಿ ಒಲಿ ಮುಂದ ಯಾರನ್ನ ಕುಂದ್ರಿಸಿ ಬಂದಿ?"

"ಸೊಸಿನ್ನವ್ವ. ಹೊಸ ಸೊಸಿ, ಲಿಂಗಿ."

"ಆಕಿಗೆ ಅವ್ವ ಅದಾಳೇನು?"

"ಅದಾಳ."

"ಪಾಪ. ಆ ಅವ್ವನೂ ರೊಟ್ಟಿ ಬೆಚ್ಚಗ ಮಾಡಕಂತ ಕುಂತಿರತಾಳ."

ಮುದುಕಿ ಅದನ್ನು ಚುಚ್ಚಲೆಂದು ಹೇಳಲಿಲ್ಲ. ಚುಚ್ಚುವಷ್ಟು ನೆನಪು ಅವಳಿಗೆಲ್ಲಿ. ಆದರೆ ಜಯಕ್ಕನ ಬಾಯೊಳಗಿನ ತುತ್ತು ಅಲ್ಲೇ ನಿಂತಿತು. ಅಗಸೆ ದಾಟಿ ಹೋದ ಖಾಲಿ ಬಂಡಿ ಕಣ್ಣಿಗೆ ಕಟ್ಟಿತು, ಬಾಗಿಲ ಹಿಂದಿನಿಂದ ಬಂದು ಮೊರ ಹಿಡಿದ ಹುಡುಗಿಯೂ ಕಂಡಳು. ಲಿಂಗಿ ಇಷ್ಟು ಹೊತ್ತಿಗೆ ಎಲ್ಲರಿಗೂ ಬಡಿಸಿ, ಹೂವಮ್ಮನಿಗೂ ಹಾಕಿ, ತಳದ ತಣ್ಣನೆ ರೊಟ್ಟಿ ಎತ್ತಿಕೊಂಡಿರುತ್ತಾಳೆ. ಜಯಕ್ಕನಿಗೆ ನಾಚಿಕೆಯಾಯಿತು. ಹೆಣ್ಣುಮಗಳ ರೊಟ್ಟಿಯನ್ನು ತವರುಮನೆಯಲ್ಲಿ ಅರ್ಧಕ್ಕೆ ಬಿಡುವ ಹಾಗಿಲ್ಲ. ಕಷ್ಟಪಟ್ಟು ನುಂಗಿ ಮುಗಿಸಿದಳು.

ನರಸಪ್ಪ ಎತ್ತು ಕಟ್ಟಿ ಒಳಗೆ ಬಂದ.

"ಉಚ್ಚಮ್ಮ ಬಂದ ಮರುದಿನಾನೇ ಬಂಡಿ ಕಟ್ಟೋ," ಎಂದಳು ಜಯಕ್ಕ.

"ಯಾಕಕ್ಕ? ಸಂಕ್ರಾಂತಿತನ ಇರತೀನಂದಿದ್ದಿ. ನಿನಗ ಮೊದಲೇ ಹೇಳಲಿಲ್ಲ ಅಂತ ಸಿಟ್ಟೇನು?"

"ಸಿಟ್ಟಿಲ್ಲೋ. ಸಂಕ್ರಾಂತಿಗೆ ಲಿಂಗಿ ತವರಿಗೆ ಹೋಗಬೇಕು. ಅಷ್ಟರಾಗ ನಾ ಅಲ್ಲಿರಬೇಕಲ್ಲ."

ನರಸಪ್ಪ ತಲೆ ಕೆರೆದುಕೊಂಡು ಹೊರಗೆ ಹೋದ. ಜಯಕ್ಕ ಎದ್ದು ಔಡಲೆಣ್ಣೆಯ ದೀಪ ಹಚ್ಚಿದಳು. ಒಲೆಗೆ ಕಟ್ಟಿಗೆ ತುರುಕಿದಳು. ಬಾಗಿಲಲ್ಲಿ ಪೆದ್ದಣ್ಣ ಬಂದು ನಿಂತಿದ್ದ. ರಾತ್ರಿಯ ರೊಟ್ಟಿ ಆಗಬೇಕಿತ್ತು.

ಮತ್ತೆ ಗೋಡೆಗೆ ಒರಗಿದ ಅವ್ವ ಕಂಬಳಿಯನ್ನು ಎಳೆದುಕೊಂಡಳು.

"ಉಚ್ಚಮ್ಮ, ನಮ್ಮ ಜಯ ಬಂದಿದ್ದಳಲ್ಲ, ರೊಟ್ಟಿ ಉಂಡಳೇನು?"

ಜಯಕ್ಕ ಹಿಟ್ಟಿಗೆ ಎಸರು ಹೊಯ್ದಳು.

"ಉಂಡಳತ್ತಿ," ಎಂದಳು. "ಬಿಸೀದೇ ಉಂಡಳು."